ಡ್ಯಾಶ್‌ಬೋರ್ಡ್ ಹಸಿರಾದ ನಿಮಿಷದಲ್ಲೇ ಬ್ರಾಂಚ್‌ಗಳು ಬಿದ್ದಿದ್ದು: ಒಂದು ವಿಆರ್‌ಎಫ್ ರೂಟ್ ಲೀಕ್ ಕಥೆ

ವಿಆರ್‌ಎಫ್‌ಗಳ ಮಧ್ಯೆ ರೂಟ್ ಲೀಕ್ ಮಾಡ್ಕೊಡಿ ಅನ್ನೋ ಟಿಕೆಟ್ ನಮ್ಮ ಟೀಮ್‌ಗೆ ಆಗಾಗ ಬರ್ತಾನೇ ಇರತ್ತೆ. ವಿಆರ್‌ಎಫ್ ಅಂದ್ರೆ ಒಂದೇ ರೂಟರ್ ಒಳಗೆ ಬೇರೆ ಬೇರೆಯಾಗಿ ಇಡೋ ರೂಟಿಂಗ್ ಟೇಬಲ್, ರೂಟ್ ಲೀಕ್ ಅಂದ್ರೆ ಒಂದು ಟೇಬಲ್‌ನ ರೂಟ್‌ನ ಇನ್ನೊಂದಕ್ಕೂ ಬೇಕಂತಲೇ ಕೊಡೋದು. ಒಂದು ಪ್ರಿಫಿಕ್ಸ್ ಲಿಸ್ಟ್ (ಯಾವ ಐಪಿ ವಿಳಾಸಗಳ ಗುಂಪು ಅನ್ನೋ ಪಟ್ಟಿ), ಒಂದು ಎಕ್ಸ್‌ಪೋರ್ಟ್ ಮ್ಯಾಪ್ (ಹೊರಗೆ ಹೋಗೋ ರೂಟ್‌ಗೆ ಏನು ಗುರುತು ಹಚ್ಚಬೇಕು ಅನ್ನೋ ನಿಯಮ), ಎರಡು ಆರ್‌ಟಿ (ರೂಟ್ ಟಾರ್ಗೆಟ್, ಯಾವ ವಿಆರ್‌ಎಫ್ ಆ ರೂಟ್ ತಗೋಬೇಕು ಅನ್ನೋ ಗುರುತು), ಅಷ್ಟೇ ಕೆಲಸ. ಚೇಂಜ್ ಫಾರ್ಮ್‌ನಲ್ಲಿ ರಿಸ್ಕ್ ಅನ್ನೋ ಕಡೆ ಎಲ್ಲರೂ "ಲೋ" ಅಂತ ಹಾಕ್ತಾರೆ, ಅಪ್ರೂವ್ ಮಾಡೋರೂ ಕಣ್ಣು ಮುಚ್ಕೊಂಡು ಅಪ್ರೂವ್ ಮಾಡ್ತಾರೆ. ನಾನು ಈಗ "ಲೋ" ಹಾಕಲ್ಲ, ಯಾಕೆ ಅಂತ ಹೊಸದಾಗಿ ಟೀಮ್‌ಗೆ ಬಂದೋರು ಕೇಳ್ತಾರೆ, ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಯ್ತು, ಅದಕ್ಕೆ ಬರೀತಿದೀನಿ.

ಸೆಟಪ್ ಹೀಗಿತ್ತು. ಡೇಟಾ ಸೆಂಟರ್ ಪಿಇ (ಪ್ರೊವೈಡರ್ ಎಡ್ಜ್, ಅಂದ್ರೆ ನೆಟ್‌ವರ್ಕ್‌ನ ಅಂಚಿನ ರೂಟರ್) ಮೇಲೆ ಬ್ಯುಸಿನೆಸ್ ಅಂತ ಒಂದು ವಿಆರ್‌ಎಫ್, ಅದರ ಆರ್‌ಟಿ 65010:40, ಎಲ್ಲಾ ಬ್ರಾಂಚ್ ಪಿಇಗಳೂ ಅದನ್ನೇ ಇಂಪೋರ್ಟ್ ಮಾಡೋದು. ಅದೇ ಬಾಕ್ಸ್ ಮೇಲೆ ಶೇರ್ಡ್ ಅಂತ ಇನ್ನೊಂದು ವಿಆರ್‌ಎಫ್, ಡಿಎನ್‌ಎಸ್, ಎನ್‌ಟಿಪಿ, ಬ್ಯಾಕಪ್, ಮಾನಿಟರಿಂಗ್ ಎಲ್ಲಾ ಅದರೊಳಗೆ. ಬ್ಯುಸಿನೆಸ್ ಕಡೆ 10.40.12.0/24 ಅಂತ ಹೊಸ ಅಪ್ಲಿಕೇಶನ್ ಸರ್ವರ್‌ಗಳ ಸಬ್‌ನೆಟ್ ಬಂದಿತ್ತು, ಬ್ರಾಂಚ್‌ನವರು ಆಗ್ಲೇ ಬಳಸ್ತಾ ಇದ್ರು, ಆದ್ರೆ ಮಾನಿಟರಿಂಗ್‌ಗೆ ಅದು ಕಾಣ್ತಾ ಇರಲಿಲ್ಲ, ಡ್ಯಾಶ್‌ಬೋರ್ಡ್ ಮೇಲೆ ಸರ್ವರ್‌ಗಳು ಕೆಂಪಾಗೇ ನಿಂತಿದ್ವು. ಶೇರ್ಡ್‌ನ ಪ್ರಿಫಿಕ್ಸ್‌ಗಳು 65010:901 ಹೊತ್ಕೊಂಡು ಬ್ಯುಸಿನೆಸ್‌ಗೆ ಮೊದಲಿಂದಲೂ ಬರ್ತಿದ್ವು, ಹಾಗಾಗಿ ವಾಪಸ್ ದಾರಿ ಇತ್ತು. ಬೇಕಾಗಿದ್ದಿದ್ದು ಈ ಒಂದು /24 ಮಾತ್ರ 65010:900 ಹೊತ್ಕೊಂಡು ಶೇರ್ಡ್‌ಗೆ ಹೋಗೋದು. ಇಡೀ ಟೇಬಲ್ ಕೊಡೋದು ಬೇಡ, ಆ ಒಂದೇ ಪ್ರಿಫಿಕ್ಸ್ ಕೊಡೋಣ ಅಂತ ತೀರ್ಮಾನ ಆಗಿತ್ತು, ಆ ತೀರ್ಮಾನ ಸರಿಯಾಗೇ ಇತ್ತು ಅಂತ ಈಗಲೂ ಹೇಳ್ತೀನಿ.

ಎಂಓಪಿ (ಚೇಂಜ್‌ನ ಹೆಜ್ಜೆ ಹೆಜ್ಜೆ ವಿವರ) ನಮ್ಮ ಹಳೇ ಟೆಂಪ್ಲೇಟ್‌ನಿಂದ ಬಂದಿದ್ದು. ಪ್ರಿಫಿಕ್ಸ್ ಲಿಸ್ಟ್ ಮ್ಯಾಚ್ ಮಾಡು, ಸೆಟ್ ಎಕ್ಸ್‌ಟ್‌ಕಮ್ಯುನಿಟಿ ಆರ್‌ಟಿ 65010:900, ಅದನ್ನ ವಿಆರ್‌ಎಫ್ ಕೆಳಗೆ ಎಕ್ಸ್‌ಪೋರ್ಟ್ ಮ್ಯಾಪ್ ಆಗಿ ಕಟ್ಟು. ರಿವ್ಯೂ ಆಗಿತ್ತು, ರೋಲ್‌ಬ್ಯಾಕ್ ಕೂಡ ಬರೆದಿದ್ವಿ. ಚೇಂಜ್‌ಗೆ ಕೊಟ್ಟ ಸಮಯದ ವಿಂಡೋ ಶುರುವಾದ ತಕ್ಷಣ ಹಾಕಿದೆ. ಒಂದೆರಡು ಸೆಕೆಂಡ್‌ನಲ್ಲಿ ಶೇರ್ಡ್ ಟೇಬಲ್‌ನಲ್ಲಿ 10.40.12.0/24 ಬಂತು, ಬಿ (ಬಿಜಿಪಿ, ರೂಟರ್‌ಗಳು ರೂಟ್ ಹಂಚ್ಕೊಳ್ಳೋ ಪ್ರೋಟೋಕಾಲ್) ಅಂತ ಶುರುವಾಗೋ ಲೈನು, ಪಕ್ಕದಲ್ಲಿ ಬ್ರಾಕೆಟ್ ಒಳಗೆ ಬ್ಯುಸಿನೆಸ್ ಅಂತ ವಿಆರ್‌ಎಫ್ ಹೆಸರು, ಡೈರೆಕ್ಟ್ಲಿ ಕನೆಕ್ಟೆಡ್. ಶೇರ್ಡ್‌ನಿಂದ ಸೋರ್ಸ್ ಕೊಟ್ಟು ಪಿಂಗ್ ಮಾಡಿದ್ರೆ ಐದಕ್ಕೆ ಐದು. ಮಾನಿಟರಿಂಗ್ ಟೀಮ್‌ನವರು ಚಾಟ್‌ನಲ್ಲಿ "ಗ್ರೀನ್ ಆಯ್ತು ಸರ್, ಥ್ಯಾಂಕ್ಸ್" ಅಂತ ಹಾಕಿದ್ರು. ನಾನು ಸ್ಕ್ರೀನ್‌ಶಾಟ್ ತೆಗೆದು ಟಿಕೆಟ್‌ಗೆ ಅಂಟಿಸಿ ಸಕ್ಸೆಸ್‌ಫುಲ್ ಅಂತ ಬರೆದೆ.

ಆಮೇಲೆ ನಾಕ್‌ನಿಂದ (ನೆಟ್‌ವರ್ಕ್ ಮೇಲೆ ಕಣ್ಣಿಡೋ ಕಂಟ್ರೋಲ್ ರೂಮ್) ಫೋನ್ ಬಂತು. ನೈಟ್ ಶಿಫ್ಟ್ ನಡೀತಿದ್ದ ಎರಡು ಬ್ರಾಂಚ್‌ನಿಂದ ಕಂಪ್ಲೇಂಟ್, ಹೊಸ ಅಪ್ಲಿಕೇಶನ್ ಓಪನ್ ಆಗ್ತಿಲ್ಲ, ಬೇರೆಲ್ಲಾ ಓಡ್ತಿದೆ, ಮೇಲ್ ಓಡ್ತಿದೆ, ಫೈಲ್ ಸರ್ವರ್ ಓಡ್ತಿದೆ, ಇದೊಂದೇ ಇಲ್ಲ.

ಮುಂದಿನ ನಿಮಿಷಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಬರೀತೀನಿ, ಯಾಕಂದ್ರೆ ಕಲಿಯೋಕೆ ಇರೋದೆಲ್ಲಾ ಅಲ್ಲೇ ಇದೆ. ನನ್ನ ತಲೇಲಿ ಮೊದಲು ಬಂದಿದ್ದು, ಇದು ಸರ್ವರ್ ಕಡೆಯ ಸಮಸ್ಯೆ. ನಾನು ಮಾಡಿದ್ದು ಒಂದು ರೂಟ್‌ನ ಇನ್ನೊಂದು ವಿಆರ್‌ಎಫ್‌ಗೆ ಸೇರಿಸಿದ್ದು, ಏನೂ ತೆಗೆದಿಲ್ಲ. ಡಿಫ್ ಟೂಲ್‌ನಲ್ಲಿ ನೋಡಿದ್ರೆ ಬರೀ ಪ್ಲಸ್ ಲೈನ್‌ಗಳು, ಒಂದೂ ಮೈನಸ್ ಇಲ್ಲ. ಪಿಇ ಮೇಲೆ ಬ್ಯುಸಿನೆಸ್ ಟೇಬಲ್ ನೋಡಿದ್ರೆ ಆ /24 ಕನೆಕ್ಟೆಡ್ ಆಗಿ ಆರಾಮಾಗಿ ಕೂತಿದೆ, ಅಲ್ಲಿಂದ ಪಿಂಗ್ ಮಾಡಿದ್ರೆ ಹೋಗ್ತಿದೆ. ಡ್ಯಾಶ್‌ಬೋರ್ಡ್ ನೋಡಿದ್ರೆ ಆ ಸರ್ವರ್‌ಗಳು ಮೊದಲ ಸಲ ಹಸಿರು. ಹೀಗಿರುವಾಗ ನೆಟ್‌ವರ್ಕ್ ಮೇಲೆ ಯಾರಿಗೆ ಅನುಮಾನ ಬರತ್ತೆ? ಸರ್ವರ್ ಟೀಮ್‌ನ ಬ್ರಿಡ್ಜ್‌ಗೆ (ಎಲ್ಲರೂ ಸೇರೋ ಕಾನ್ಫರೆನ್ಸ್ ಕಾಲ್) ಕರೀರಿ ಅಂತ ನಾನೇ ಹೇಳಿದೆ. ಅವರು ಬಂದು ಸರ್ವಿಸ್ ರೀಸ್ಟಾರ್ಟ್ ಮಾಡಿದ್ರು, ಲಾಗ್ ನೋಡಿದ್ರು, ಬ್ರಾಂಚ್ ಐಪಿಗಳಿಂದ ಒಂದು ಸಿನ್ ಪ್ಯಾಕೆಟ್ (ಕನೆಕ್ಷನ್ ಶುರು ಮಾಡೋ ಮೊದಲ ಪ್ಯಾಕೆಟ್) ಕೂಡ ಬರ್ತಿಲ್ಲ ಅಂದ್ರು. ಅಷ್ಟೊತ್ತಿಗೆ ಫೈರ್‌ವಾಲ್ ಟೀಮ್‌ನವರು ಬ್ರಿಡ್ಜ್‌ಗೆ ಸೇರಿ, ನಮ್ಮ ಇಂಟರ್ನೆಟ್ ಫೈರ್‌ವಾಲ್ ಮೇಲೆ 10.40.12.x ಗೆ ಹೋಗೋ ಪ್ಯಾಕೆಟ್‌ಗಳು ಡ್ರಾಪ್ ಆಗ್ತಿರೋದು ಕಾಣ್ತಿದೆ ಅಂದ್ರು. ಎಲ್ಲರೂ ಅವರ ಮೇಲೆ ಬಿದ್ರು, ರೂಲ್ ಏನಾದ್ರೂ ಬದಲಾಯಿಸಿದ್ರಾ ಅಂತ. ಪಾಪ, ಅವರು ಏನೂ ಮುಟ್ಟಿರಲಿಲ್ಲ.

ಆ ಡ್ರಾಪ್ ಕೇಳಿದಾಗ ನಾನು ನಿಲ್ಲಬೇಕಿತ್ತು. ಬ್ರಾಂಚ್‌ನಿಂದ ಡೇಟಾ ಸೆಂಟರ್ ಒಳಗಿನ ಸರ್ವರ್‌ಗೆ ಹೋಗೋ ಟ್ರಾಫಿಕ್‌ಗೆ ಇಂಟರ್ನೆಟ್ ಫೈರ್‌ವಾಲ್ ಹತ್ರ ಏನು ಕೆಲಸ? ಅದು ಅಲ್ಲಿಗೆ ಬಂದಿದೆ ಅಂದ್ರೆ ಡಿಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದಿದ್ರೆ ಹಿಡಿಯೋ ದಾರಿ) ಹಿಡ್ಕೊಂಡು ಬಂದಿದೆ ಅಂತ ಅರ್ಥ, ಡಿಫಾಲ್ಟ್ ಹಿಡಿದಿದೆ ಅಂದ್ರೆ ಸ್ಪೆಸಿಫಿಕ್ ರೂಟ್ ಇಲ್ಲ ಅಂತ ಅರ್ಥ. ಇದನ್ನ ಬ್ರಿಡ್ಜ್‌ನಲ್ಲಿ ಹೇಳಿದ್ದು ನಾಕ್‌ನಲ್ಲಿದ್ದ ಹುಡುಗಿ, ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ ಅವಳು. "ಸರ್, ಬ್ರಾಂಚ್ ಪಿಇ ಮೇಲೆ ಒಂದ್ಸಲ ರೂಟ್ ನೋಡ್ಲಾ?" ಅಂದ್ಳು. ನೋಡಿದ್ರೆ, ಸಬ್‌ನೆಟ್ ನಾಟ್ ಇನ್ ಟೇಬಲ್. ಸೆಫ್‌ನಲ್ಲಿ (ಪ್ಯಾಕೆಟ್ ನಿಜವಾಗಿ ಎಲ್ಲಿಗೆ ಹೋಗತ್ತೆ ಅನ್ನೋ ಟೇಬಲ್) ನೋಡಿದ್ರೆ 0.0.0.0/0, ಅಂದ್ರೆ ಡಿಫಾಲ್ಟ್ ರೂಟ್. ಬ್ರಿಡ್ಜ್ ಮೇಲೆ ಒಂದು ಕ್ಷಣ ಯಾರೂ ಮಾತಾಡ್ಲಿಲ್ಲ.

ಆಗ ಕೋರ್ ಟೀಮ್‌ನವರು ಎಲ್‌ಡಿಪಿ (ಪ್ಯಾಕೆಟ್‌ಗೆ ಅಂಟಿಸೋ ಲೇಬಲ್‌ಗಳನ್ನ ಹಂಚೋ ಪ್ರೋಟೋಕಾಲ್) ನೋಡೋಣ, ಬಿಜಿಪಿ ಸೆಷನ್ ಫ್ಲ್ಯಾಪ್ ಆಗಿದ್ಯಾ ನೋಡೋಣ ಅಂತ ಹೊರಟ್ರು. ಸೆಷನ್ ಎಲ್ಲಾ ಅಪ್, ವಾರಗಳಿಂದ ಅಪ್. ಬ್ರಾಂಚ್ ಪಿಇ ಮೇಲೆ ವಿಪಿಎನ್‌ವಿ4 ಟೇಬಲ್ (ಎಲ್ಲಾ ವಿಆರ್‌ಎಫ್‌ಗಳ ರೂಟ್ ಒಟ್ಟಿಗೆ ಇರೋ ಬಿಜಿಪಿ ಟೇಬಲ್) ಇಡೀ ಹುಡುಕಿದ್ರೂ ಆ ಪ್ರಿಫಿಕ್ಸ್ ಇಲ್ಲವೇ ಇಲ್ಲ, ಒಂದು ಸುಳಿವೂ ಇಲ್ಲ. ಇದು ಗೊತ್ತಿರಬೇಕಾದ ವಿಷಯ: ತನ್ನ ಯಾವ ವಿಆರ್‌ಎಫ್ ಕೂಡ ಇಂಪೋರ್ಟ್ ಮಾಡದ ಆರ್‌ಟಿ ಇಟ್ಕೊಂಡು ಬಂದ ರೂಟ್‌ನ ಪಿಇ ಡಿಫಾಲ್ಟ್ ಆಗಿ ಇಟ್ಕೊಳ್ಳೋದೇ ಇಲ್ಲ, ಬಂದ ಬಾಗಿಲಲ್ಲೇ ಬಿಸಾಕತ್ತೆ. ಹಾಗಾಗಿ ಬ್ರಾಂಚ್ ಪಿಇ ಮುಂದೆ ಕೂತು ಎಷ್ಟು ಹುಡುಕಿದ್ರೂ ರೂಟ್ ಬಂದೇ ಇಲ್ವಾ, ಬಂದು ಬಿಸಾಕಿದ್ದಾ ಅನ್ನೋದು ತಿಳಿಯಲ್ಲ. ರೂಟ್ ರಿಫ್ಲೆಕ್ಟರ್ (ಒಂದು ಪಿಇಯಿಂದ ಬಂದ ರೂಟ್‌ನ ಉಳಿದವಕ್ಕೆ ಹಂಚೋ ರೂಟರ್) ಹಾಗಲ್ಲ, ಅದು ಎಲ್ಲವನ್ನೂ ಇಟ್ಕೊಳ್ಳತ್ತೆ. ಅದಕ್ಕೆ ರೂಟ್ ರಿಫ್ಲೆಕ್ಟರ್‌ಗೆ ಲಾಗಿನ್ ಆದ್ವಿ.

ರಿಫ್ಲೆಕ್ಟರ್ ಮೇಲೆ ಆ ಪ್ರಿಫಿಕ್ಸ್ ಇತ್ತು. ಸ್ಕ್ರೀನ್ ಶೇರ್‌ನಲ್ಲಿ ಎಲ್ಲರೂ ನೋಡ್ತಿದ್ರು, ಒಬ್ಬರು "65010:40 ಇದೆಯಲ್ಲ ಸರ್, ಸರಿಯಾಗೇ ಇದೆ" ಅಂದ್ರು. ಇನ್ನೊಬ್ಬರು ಹೌದು ಹೌದು ಅಂದ್ರು. ನಾನೂ ಹೌದು ಅಂದ್ಕೊಂಡೆ. ಆದ್ರೆ ಅದು ಆರ್‌ಡಿ, ಅಂದ್ರೆ ರೂಟ್ ಡಿಸ್ಟಿಂಗ್ವಿಷರ್. ನಮ್ಮಲ್ಲಿ ಆರ್‌ಡಿ ಮತ್ತೆ ಆರ್‌ಟಿಗೆ ಒಂದೇ ನಂಬರ್ ಇಡೋ ಪದ್ಧತಿ, ಬಹಳ ಕಡೆ ಹಾಗೇ ಮಾಡ್ತಾರೆ, ನೆನಪಿಟ್ಕೊಳ್ಳೋಕೆ ಸುಲಭ ಅಂತ. ಆರ್‌ಡಿ ಅನ್ನೋದು ಪ್ರಿಫಿಕ್ಸ್‌ಗೆ ಮುಂಚೆ ಅಂಟೋ 8 ಬೈಟ್, 4 ಬೈಟ್ ಐಪಿ ಜೊತೆ ಸೇರಿ 12 ಬೈಟ್ ವಿಪಿಎನ್‌ವಿ4 ಅಡ್ರೆಸ್ ಆಗತ್ತೆ, ಎರಡು ವಿಆರ್‌ಎಫ್‌ನಲ್ಲಿ ಒಂದೇ 10.x ಇದ್ರೂ ಬೇರೆ ಬೇರೆ ಅಂತ ಗುರುತಿಸೋಕೆ, ಅಷ್ಟೇ ಅದರ ಕೆಲಸ. ಯಾರು ಇಂಪೋರ್ಟ್ ಮಾಡ್ಬೇಕು ಅನ್ನೋದು ಪೂರ್ತಿ ಆರ್‌ಟಿ ಕೈಲಿ. 2006ರ ಆರ್‌ಎಫ್‌ಸಿ 4364 (ಈ ಥರದ ವಿಪಿಎನ್‌ಗಳ ಸ್ಟ್ಯಾಂಡರ್ಡ್) ಓದಿದೋರಿಗೆಲ್ಲಾ ಇದು ಗೊತ್ತು, ಬ್ರಿಡ್ಜ್‌ನಲ್ಲಿದ್ದ ಎಲ್ಲರಿಗೂ ಗೊತ್ತು, ಇಂಟರ್‌ವ್ಯೂನಲ್ಲಿ ನಾವೇ ಕೇಳೋ ಮೊದಲ ಪ್ರಶ್ನೆ ಅದು. ಆದ್ರೂ ರಾತ್ರಿ ಹೊತ್ತಲ್ಲಿ ಒತ್ತಡದಲ್ಲಿ ಕಣ್ಣಿಗೆ ಬಿದ್ದ ನಂಬರ್ ಒಂದೇ ಆಗಿದ್ದಕ್ಕೆ ಎಲ್ಲರೂ ಸಮಾಧಾನ ಮಾಡ್ಕೊಂಡ್ವಿ. ಕೆಳಗಿನ ಲೈನ್‌ಗೆ ಸ್ಕ್ರೋಲ್ ಮಾಡಿದಾಗ ಎಕ್ಸ್‌ಟೆಂಡೆಡ್ ಕಮ್ಯುನಿಟಿ ಅಂತ ಇತ್ತು, ಅದರ ಮುಂದೆ ಆರ್‌ಟಿ 65010:900. ಅದೊಂದೇ. 40 ಇಲ್ಲ.

ಅಲ್ಲಿಗೆ ಎಲ್ಲಾ ಗೊತ್ತಾಯ್ತು. ಸೆಟ್ ಎಕ್ಸ್‌ಟ್‌ಕಮ್ಯುನಿಟಿ ಆರ್‌ಟಿ ಲೈನಿನ ಕೊನೇಲಿ ಅಡಿಟಿವ್ ಅಂತ ಇರಲಿಲ್ಲ. ಅಡಿಟಿವ್ ಇಲ್ಲದೆ ಹಾಕಿದ್ರೆ ಆ ಲೈನು ಇರೋ ಆರ್‌ಟಿ ಜೊತೆ ಹೊಸದನ್ನ ಸೇರಿಸಲ್ಲ, ಹಳೇದನ್ನ ತೆಗೆದು ಹೊಸದನ್ನ ಕೂರಿಸತ್ತೆ. ಡಿಫ್‌ನಲ್ಲಿ ಬರೀ ಪ್ಲಸ್ ಇದ್ರೂ, ನಿಜವಾಗಿ ಒಂದು ಮೈನಸ್ ಆಗಿತ್ತು, ಅದು ಕಾನ್ಫಿಗ್‌ನಲ್ಲಲ್ಲ, ರೂಟ್ ಮೇಲೆ. ಪಿಇ ಹೊಸ ಆರ್‌ಟಿ ಜೊತೆ ಅಪ್‌ಡೇಟ್ ಕಳಿಸ್ತು, ರಿಫ್ಲೆಕ್ಟರ್ ಹಂಚ್ತು, ಪ್ರತಿ ಬ್ರಾಂಚ್ ಪಿಇ ಕೂಡ ಇದು ನಮಗಲ್ಲ ಅಂತ ಹಳೇದನ್ನೂ ಸೇರಿಸಿ ತೆಗೆದು ಹಾಕ್ತು. ಟೆಂಪ್ಲೇಟ್ ಮೊದಲು ಬರೆದಿದ್ದ ವಿಆರ್‌ಎಫ್‌ನಲ್ಲಿ ಬೇರೆ ಎಕ್ಸ್‌ಪೋರ್ಟ್ ಆರ್‌ಟಿನೇ ಇರಲಿಲ್ಲ, ಅಲ್ಲಿ ಅಡಿಟಿವ್ ಇದ್ರೂ ಇಲ್ಲದಿದ್ರೂ ಒಂದೇ, ಹಾಗಾಗಿ ಅದು ಎಷ್ಟೋ ಕಾಲದಿಂದ ತೊಂದ್ರೆ ಕೊಡದೆ ನಡ್ಕೊಂಡು ಬಂದಿತ್ತು.

ಬೇರೆ ಸಬ್‌ನೆಟ್‌ಗಳು ಯಾಕೆ ಬೀಳ್ಲಿಲ್ಲ ಅನ್ನೋದು ಇನ್ನೂ ಮುಖ್ಯ, ಯಾಕಂದ್ರೆ ನಮ್ಮನ್ನ ದಾರಿ ತಪ್ಪಿಸಿದ್ದು ಅದೇ. ಸಿಸ್ಕೋ ರೂಟರ್‌ಗಳ ಐಓಎಸ್‌ನಲ್ಲಿ ಎಕ್ಸ್‌ಪೋರ್ಟ್ ಮ್ಯಾಪ್ ಫಿಲ್ಟರ್ ಅಲ್ಲ. ಮ್ಯಾಚ್ ಆಗದ ಪ್ರಿಫಿಕ್ಸ್‌ಗಳು ವಿಆರ್‌ಎಫ್‌ನ ಮಾಮೂಲಿ ಎಕ್ಸ್‌ಪೋರ್ಟ್ ಆರ್‌ಟಿ ಹಾಕ್ಕೊಂಡು ಹಾಗೇ ಹೋಗ್ತಾ ಇರತ್ತೆ. ಇಂಪೋರ್ಟ್ ಮ್ಯಾಪ್ ಉಲ್ಟಾ, ಅಲ್ಲಿ ಕೊನೇಲಿ ಕಾಣದ ಡಿನೈ ಇದೆ, ಮ್ಯಾಚ್ ಆಗಿಲ್ಲ ಅಂದ್ರೆ ಇಂಪೋರ್ಟ್ ಇಲ್ಲ. ಇಂಪೋರ್ಟ್ ಮ್ಯಾಪ್‌ನಲ್ಲಿ ಹೀಗೆ ತಪ್ಪಾಗಿದ್ರೆ ಅರ್ಧ ಟೇಬಲ್ ಹೋಗಿ ಎಲ್ಲಾ ಬ್ರಾಂಚ್‌ಗಳೂ ಕೂಗಾಡಿ ತಕ್ಷಣ ರೋಲ್‌ಬ್ಯಾಕ್ ಆಗ್ತಿತ್ತು. ಇಲ್ಲಿ ಒಂದೇ ಒಂದು /24 ಹೋಯ್ತು, ಒಂದೇ ಅಪ್ಲಿಕೇಶನ್ ಬಿತ್ತು, ಹಾಗಾಗಿ ಎಲ್ಲರಿಗೂ ಅದು ಅಪ್ಲಿಕೇಶನ್ ಸಮಸ್ಯೆ ಥರ ಕಾಣಿಸ್ತು. ಚಿಕ್ಕದಾಗಿ ಮುರಿದಿದ್ದನ್ನ ಹುಡುಕೋದು ಕಷ್ಟ, ಇದನ್ನ ನಾನು ಬಲವಾಗಿ ನಂಬ್ತೀನಿ.

ಇನ್ನೊಂದು ವಿಷಯ ಹೇಳಲೇಬೇಕು. ಕಾರಣ ಗೊತ್ತಾಗೋಕೆ ಮುಂಚೆ ಬ್ರಿಡ್ಜ್‌ನಲ್ಲಿ ಒಬ್ಬ ಸೀನಿಯರ್ "ಬ್ರಾಂಚ್ ಪಿಇಗಳ ಮೇಲೆ ಒಂದು ಸ್ಟ್ಯಾಟಿಕ್ ಹಾಕಿಬಿಡಿ, ಬೆಳಗ್ಗೆ ನೋಡ್ಕೊಳ್ಳೋಣ" ಅಂದ್ರು. ಸ್ಟ್ಯಾಟಿಕ್ ಅಂದ್ರೆ ಕೈಯಾರೆ ಬರೆದಿಡೋ ರೂಟ್. ಮ್ಯಾನೇಜರ್‌ಗೂ ಅದೇ ಬೇಕಿತ್ತು, ಅವರಿಗೆ ಬ್ರಿಡ್ಜ್ ಬೇಗ ಮುಗೀಬೇಕು. ಬೇಡ ಅಂತ ನಾನು ಜಗಳ ಆಡಿದೆ, ಆ ಜಗಳದ ಬಗ್ಗೆ ನನಗೆ ಸ್ವಲ್ಪವೂ ಬೇಸರ ಇಲ್ಲ. ಗ್ಲೋಬಲ್ ಅಂತ ಕೊನೇಲಿ ಹಾಕಿ ಒಂದು ಸ್ಟ್ಯಾಟಿಕ್ಕು, ಇನ್ನೊಂದು ವಿಆರ್‌ಎಫ್‌ನ ಇಂಟರ್‌ಫೇಸ್ ಕಡೆ ತೋರಿಸೋ ಒಂದು ಸ್ಟ್ಯಾಟಿಕ್ಕು, ಇಂಥವು ನಮ್ಮ ಬಾಕ್ಸ್‌ಗಳಲ್ಲಿ ಈಗಾಗ್ಲೇ ಬೇಕಾದಷ್ಟಿವೆ. ಯಾರು ಹಾಕಿದ್ರು, ಯಾಕೆ ಹಾಕಿದ್ರು, ಗೊತ್ತಿಲ್ಲ, ತೆಗೆಯೋಕೆ ಎಲ್ಲರಿಗೂ ಭಯ. ಸ್ಟ್ಯಾಟಿಕ್‌ನ ಡಿಸ್ಟೆನ್ಸ್ (ಕಡಿಮೆ ಇದ್ದಷ್ಟೂ ಆ ರೂಟ್‌ಗೆ ಆದ್ಯತೆ) 1, ನಾಳೆ ಬಿಜಿಪಿಯಲ್ಲಿ ಸರಿಯಾದ ರೂಟ್ ವಾಪಸ್ ಬಂದ್ರೂ ಅದು ಟೇಬಲ್ ಒಳಗೆ ಬರಲ್ಲ, ಎಕ್ಸ್‌ಟರ್ನಲ್ ಬಿಜಿಪಿಗೇ 20, ಇಂಟರ್ನಲ್‌ಗೆ 200. ಡೇಟಾ ಸೆಂಟರ್ ಪಿಇ ಬಿದ್ದು ಟ್ರಾಫಿಕ್ ಬ್ಯಾಕಪ್‌ಗೆ ಹೋಗ್ಬೇಕಾದ ದಿನ ಈ ಸ್ಟ್ಯಾಟಿಕ್ ಸತ್ತ ಕಡೆಗೇ ಪ್ಯಾಕೆಟ್ ತಳ್ತಾ ಕೂತಿರತ್ತೆ.

ಫಿಕ್ಸ್ ಏನೂ ದೊಡ್ಡದಲ್ಲ. ಲೈನ್ ತೆಗೆದು ಅಡಿಟಿವ್ ಜೊತೆ ಮತ್ತೆ ಹಾಕಿದೆ. ರಿಫ್ಲೆಕ್ಟರ್ ಮೇಲೆ ಎಕ್ಸ್‌ಟೆಂಡೆಡ್ ಕಮ್ಯುನಿಟಿ ಲೈನಿನಲ್ಲಿ 40 ಮತ್ತೆ 900 ಎರಡೂ ಬಂತು, ಬ್ರಾಂಚ್ ಪಿಇ ಟೇಬಲ್‌ನಲ್ಲಿ /24 ಬಂತು, ಬ್ರಾಂಚ್‌ನಿಂದ ಅಪ್ಲಿಕೇಶನ್ ಓಪನ್ ಆಯ್ತು ಅಂತ ಕನ್ಫರ್ಮ್ ಮಾಡಿದ್ರು. ಹಳೇ ಐಓಎಸ್ ಬಾಕ್ಸ್‌ಗಳಲ್ಲಿ ಇಂಪೋರ್ಟ್ ಸ್ಕ್ಯಾನರ್ ಡಿಫಾಲ್ಟ್ ಆಗಿ 15 ಸೆಕೆಂಡಿಗೊಮ್ಮೆ ಓಡತ್ತೆ, ಅಂಥ ಬಾಕ್ಸ್ ಒಂದು ನಮ್ಮಲ್ಲಿತ್ತು, ಅದರ ಮೇಲೆ ರೂಟ್ ಬರೋವರೆಗಿನ ಆ ಕೆಲವು ಸೆಕೆಂಡುಗಳು ತುಂಬಾ ಉದ್ದ ಅನ್ಸಿದ್ವು. ಅಂಥ ಬಾಕ್ಸ್ ಇದ್ರೆ ಗಾಬರಿಯಾಗಿ ಮಧ್ಯದಲ್ಲಿ ಇನ್ನೊಂದು ಕಮಾಂಡ್ ಹೊಡೀಬೇಡಿ, ಸುಮ್ಮನೆ ಕಾಯಿರಿ.

ಈಗ ನಾವು ಮಾಡೋ ಪೋಸ್ಟ್ ಚೆಕ್ ಬದಲಾಗಿದೆ. ಲೀಕ್ ಪಡ್ಕೊಂಡ ವಿಆರ್‌ಎಫ್‌ನಲ್ಲಿ ರೂಟ್ ಬಂತಾ ಅನ್ನೋದು ಕೊನೆಯ ಚೆಕ್. ಮೊದಲನೆಯದು, ಆ ಪ್ರಿಫಿಕ್ಸ್‌ನ ಮೊದಲಿಂದ ಬಳಸ್ತಿದ್ದೋರ ಹತ್ರ ಅದು ಇನ್ನೂ ಇದೆಯಾ. ಚೇಂಜ್‌ಗೆ ಮುಂಚೆ ರಿಫ್ಲೆಕ್ಟರ್ ಮೇಲೆ ಆ ಪ್ರಿಫಿಕ್ಸ್‌ನ ಕಮ್ಯುನಿಟಿ ಲೈನ್ ಕಾಪಿ ಮಾಡಿ ಇಟ್ಕೋಬೇಕು, ಆಮೇಲೆ ಮತ್ತೆ ತೆಗೆದು ಪಕ್ಕ ಪಕ್ಕ ಇಟ್ಟು ನೋಡ್ಬೇಕು, ಹೊಸ ಆರ್‌ಟಿ ಸೇರಿರಬೇಕು, ಹಳೇದು ಒಂದೂ ಹೋಗಿರಬಾರದು. ಜೊತೆಗೆ ನಾವು ಕೈಯೇ ಹಾಕದ ಒಂದು ದೂರದ ಪಿಇ ಮೇಲೆ ಸೆಫ್ ಲುಕಪ್. ರೂಟ್ ಲುಕಪ್ ಸಾಲದು, ಡಿಫಾಲ್ಟ್ ರೂಟ್ ಇರೋ ನೆಟ್‌ವರ್ಕ್‌ನಲ್ಲಿ ಪ್ಯಾಕೆಟ್ ಎಲ್ಲಿಗೆ ಹೋಗತ್ತೆ ಅಂತ ಸೆಫ್ ಹೇಳತ್ತೆ. ಆರ್‌ಡಿ ನಂಬರ್‌ಗಳನ್ನ ಆರ್‌ಟಿಯಿಂದ ಬೇರೆ ಮಾಡ್ಬೇಕು ಅಂತಲೂ ಕೇಳಿದ್ದೆ, ಆದ್ರೆ ಓಡ್ತಿರೋ ವಿಆರ್‌ಎಫ್‌ನಲ್ಲಿ ಆರ್‌ಡಿ ಬದಲಾಯಿಸೋದು ಅಂದ್ರೆ ಆ ವಿಆರ್‌ಎಫ್‌ನ ಬಿಜಿಪಿ ರೂಟ್‌ಗಳನ್ನೆಲ್ಲಾ ಒಮ್ಮೆ ಕೆಡವಿ ಕಟ್ಟೋದು, ಅದಕ್ಕೆ ಯಾರೂ ಒಪ್ಪಲ್ಲ, ಒಪ್ಪದೇ ಇರೋದು ನ್ಯಾಯವೇ. ಹೊಸ ವಿಆರ್‌ಎಫ್‌ಗಳಿಗೆ ಮಾತ್ರ ಬೇರೆ ನಂಬರ್ ಇಡ್ತಿದೀವಿ.

ಇದರ ನಂತರ ಬಂದ ಟಿಕೆಟ್‌ಗಳನ್ನ ನಾನು ಬೇರೆ ಕಣ್ಣಿಂದ ನೋಡೋಕೆ ಶುರು ಮಾಡಿದೆ. ಒಂದು ಟಿಕೆಟ್‌ನಲ್ಲಿ ಶೇರ್ಡ್‌ನಿಂದ ಡಿಫಾಲ್ಟ್ ರೂಟ್‌ನೇ ಎಲ್ಲಾ ವಿಆರ್‌ಎಫ್‌ಗೂ ಲೀಕ್ ಮಾಡಿ ಅಂತ ಕೇಳಿದ್ರು, ಒಂದೊಂದೇ ಪ್ರಿಫಿಕ್ಸ್ ಕೊಡೋ ಗೋಳು ತಪ್ಪತ್ತೆ ಅಂತ. ಕಂಟ್ರೋಲ್ ಪ್ಲೇನ್‌ನಲ್ಲಿ (ರೂಟ್‌ಗಳ ಹಂಚಿಕೆ ಕಡೆಯಿಂದ) ನೋಡಿದ್ರೆ ಭಯ ಇಲ್ಲ ಅನ್ಸತ್ತೆ, ಯಾಕಂದ್ರೆ ಒಂದು ವಿಆರ್‌ಎಫ್‌ನಿಂದ ಇಂಪೋರ್ಟ್ ಆದ ರೂಟ್ ಅಲ್ಲಿಂದ ಮೂರನೇ ವಿಆರ್‌ಎಫ್‌ಗೆ ಮತ್ತೆ ಎಕ್ಸ್‌ಪೋರ್ಟ್ ಆಗಲ್ಲ, ಬ್ಯುಸಿನೆಸ್ ರೂಟ್ ಶೇರ್ಡ್ ಮೂಲಕ ಗೆಸ್ಟ್ ಅನ್ನೋ ವಿಆರ್‌ಎಫ್‌ಗೆ ಹೋಗಲ್ಲ. ಆದ್ರೆ ಪ್ಯಾಕೆಟ್‌ಗೆ ಆ ನಿಯಮ ಇಲ್ಲ. ಶೇರ್ಡ್ ಇರೋ ಪಿಇನಲ್ಲಿ ವಿಆರ್‌ಎಫ್‌ಗೊಂದು ಲೇಬಲ್ ಅಂತ ಮೋಡ್ ಇಟ್ಟಿದ್ರೆ, ಗೆಸ್ಟ್‌ನಿಂದ ಡಿಫಾಲ್ಟ್ ಹಿಡಿದು ಬಂದ ಪ್ಯಾಕೆಟ್‌ಗೆ ಅಲ್ಲಿ ಶೇರ್ಡ್ ಟೇಬಲ್‌ನಲ್ಲಿ ಇನ್ನೊಮ್ಮೆ ಲುಕಪ್ ಆಗತ್ತೆ, ಆ ಟೇಬಲ್‌ನಲ್ಲಿ ನಾವೇ ಲೀಕ್ ಮಾಡಿರೋ 10.40.12.0/24 ಇದೆ, ಪ್ಯಾಕೆಟ್ ನೇರ ಸರ್ವರ್ ಮುಂದೆ ಹೋಗಿ ನಿಲ್ಲತ್ತೆ, ಮಧ್ಯದಲ್ಲಿ ಒಂದು ಫೈರ್‌ವಾಲ್ ಕೂಡ ಇಲ್ಲ. ವಾಪಸ್ ದಾರಿ ಇಲ್ಲದಿದ್ರೂ ಒಳಗೆ ಬರೋ ಪ್ಯಾಕೆಟ್ ಬಂದೇ ಬರತ್ತೆ. ಇದನ್ನ ಲ್ಯಾಬ್‌ನಲ್ಲಿ ಸೆಕ್ಯುರಿಟಿ ಟೀಮ್‌ಗೆ ಪ್ಯಾಕೆಟ್ ಕ್ಯಾಪ್ಚರ್ ಸಮೇತ ತೋರಿಸಿದ್ಮೇಲೆ ಆ ಟಿಕೆಟ್ ಕ್ಲೋಸ್ ಆಯ್ತು.

ಇದು ಒಂದೇ ವೆಂಡರ್ ಕಥೆ ಅಂದ್ಕೋಬೇಡಿ. ಜೂನಿಪರ್‌ನ ಜೂನೋಸ್‌ನಲ್ಲಿ ರಿಬ್ ಗ್ರೂಪ್ (ಒಂದು ರೂಟ್‌ನ ಹಲವು ಟೇಬಲ್‌ಗೆ ಹಾಕೋ ಪಟ್ಟಿ) ಬರೆಯುವಾಗ ಇಂಪೋರ್ಟ್ ರಿಬ್ ಪಟ್ಟಿಯಲ್ಲಿ ಮೊದಲನೆಯದು ಪ್ರೈಮರಿ ಟೇಬಲ್ ಆಗಿರಬೇಕು, ಕ್ರಮ ನೋಡದೆ ಬರೆಯೋಹಾಗಿಲ್ಲ. ನೆಕ್ಸ್ಟ್ ಟೇಬಲ್ ಸ್ಟ್ಯಾಟಿಕ್‌ನ (ಇನ್ನೊಂದು ಟೇಬಲ್‌ನಲ್ಲಿ ಹುಡುಕು ಅನ್ನೋ ಸ್ಟ್ಯಾಟಿಕ್) ಎರಡೂ ಕಡೆಯಿಂದ ಒಂದಕ್ಕೊಂದು ತೋರಿಸೋ ಹಾಗೆ ಹಾಕಿದ್ರೆ ಕಮಿಟ್‌ನಲ್ಲೇ ಲೂಪ್ ಆಗ್ಬಹುದು ಅಂತ ತಡೆಯತ್ತೆ, ಆ ಒಂದು ಗುಣ ನನಗೆ ತುಂಬಾ ಇಷ್ಟ. ಲಿನಕ್ಸ್‌ನಲ್ಲಿ 2015ರಲ್ಲಿ ಕರ್ನಲ್ 4.3 ಜೊತೆ ವಿಆರ್‌ಎಫ್ ಡಿವೈಸ್ ಬಂತು, ಈಗ ಎಫ್‌ಆರ್‌ಆರ್ ಅನ್ನೋ ಓಪನ್ ಸೋರ್ಸ್ ರೂಟಿಂಗ್ ಸಾಫ್ಟ್‌ವೇರ್‌ನಲ್ಲಿ ಇಂಪೋರ್ಟ್ ವಿಆರ್‌ಎಫ್ ಅಂತ ಒಂದೇ ಲೈನು, ಆರ್‌ಡಿ ಆರ್‌ಟಿ ಎಲ್ಲಾ ಅದೇ ಒಳಗೊಳಗೆ ನೋಡ್ಕೊಳ್ಳತ್ತೆ. ಸುಲಭ ಆಗಿದೆ, ಆದ್ರೆ ರೂಟ್ ಮ್ಯಾಪ್ ಕಟ್ಟದೆ ಆ ಲೈನ್ ಹಾಕಿದ್ರೆ ಪೂರ್ತಿ ಟೇಬಲ್ ಆ ಕಡೆ ಹೋಗತ್ತೆ.

ಮ್ಯಾನೇಜ್‌ಮೆಂಟ್ ಬಗ್ಗೆ ನನ್ನ ತಕರಾರು ಒಂದೇ. ಆರ್‌ಸಿಎ (ಮೂಲ ಕಾರಣ ಹುಡುಕೋ) ಮೀಟಿಂಗ್‌ನಲ್ಲಿ ಹುಡುಕಿದ್ದು ಅಡಿಟಿವ್ ಯಾರು ಬಿಟ್ರು ಅಂತ. ಟೆಂಪ್ಲೇಟ್ ತಿದ್ದಿದ್ವಿ, ಆಕ್ಷನ್ ಐಟಂ ಕ್ಲೋಸ್ ಅಂದ್ರು. ಆದ್ರೆ ಚೇಂಜ್ ಫಾರ್ಮ್‌ನಲ್ಲಿ ಇವತ್ತಿಗೂ ಸೋರ್ಸ್, ಡೆಸ್ಟಿನೇಶನ್, ಪೋರ್ಟ್, ಇಷ್ಟೇ ಇರೋದು, ಅದು ಫೈರ್‌ವಾಲ್ ರೂಲ್‌ಗೆ ಮಾಡಿದ ಫಾರ್ಮ್. ಲೀಕ್ ಮಾಡೋ ಪ್ರಿಫಿಕ್ಸ್‌ನ ಈಗಾಗ್ಲೇ ಯಾರು ಬಳಸ್ತಿದ್ದಾರೆ ಅಂತ ಕೇಳೋ ಒಂದು ಕಾಲಮ್ ಹಾಕಿ ಅಂತ ಕೇಳಿದೆ, ಮೇಲ್ ಹಾಕಿದೆ, ಮತ್ತೆ ನೆನಪಿಸಿದೆ, ಟೂಲ್ ಟೀಮ್ ಹತ್ರ ಬ್ಯಾಕ್‌ಲಾಗ್‌ನಲ್ಲಿದೆಯಂತೆ. ಅಲ್ಲಿಯವರೆಗೆ ನಮ್ಮ ಟೀಮ್‌ನವರು ಕಾಮೆಂಟ್ ಬಾಕ್ಸ್‌ನಲ್ಲೇ ಟೈಪ್ ಮಾಡ್ತಿದೀವಿ: ಪ್ರಿಫಿಕ್ಸ್, ಅದರ ಮೇಲೆ ಈಗಿರೋ ಆರ್‌ಟಿಗಳು, ಅದನ್ನ ಇಂಪೋರ್ಟ್ ಮಾಡ್ತಿರೋ ಪಿಇಗಳ ಹೆಸರು. ಅದು ಖಾಲಿ ಇದ್ರೆ ನಾಕ್‌ನ ಆ ಹುಡುಗಿ ಚೇಂಜ್ ಶುರು ಮಾಡೋಕೆ ಬಿಡಲ್ಲ, ಅವಳಿಗೆ ಆ ಅಧಿಕಾರ ಇರ್ಬೇಕು ಅಂತ ನಾನೇ ಕೇಳಿ ಕೊಡಿಸಿದ್ದು.